ಮಂಗಳ ಹಾಡಿದ ಮೇಲೂ ಮುಗಿಯದ ಕಾರ್ಟೂನು

ನಿನ್ನೆ ತಂಗಿಯ ಮಗ ಫೋನ್ ಹಿಡ್ಕೊಂಡು ಕುಣಿಯುತ್ತಾ ಬಂದ. "ಮಾಮಾ, ಕಾರ್ಟೂನ್ ಸಿನಿಮಾದ ಇನ್ನೊಂದು ಭಾಗ ಬರ್ತದಂತೆ!" ಮತ್ತೆ ಬದಿಯಡ್ಕದಿಂದ ಬಸ್ಸು, ಕಾಸರಗೋಡಿನಿಂದ ರೈಲು, ಮಂಗಳೂರಿನ ಶಾಪಿಂಗ್ ಮಾಲು, ಚಿನ್ನದ ರೇಟಿನ ಪಾಪ್‌ಕಾರ್ನು. ಇದು ಮುಗಿಯುವುದೇ ಇಲ್ವಾ ಮಾರಾಯ್ರೇ?

ಟಾಯ್ ಸ್ಟೋರಿಯನ್ನೇ ನೋಡಿ. 2010ರ ಮೂರನೇ ಭಾಗದಲ್ಲಿ ಗೊಂಬೆಗಳ ಒಡೆಯ ಹುಡುಗ ಆ್ಯಂಡಿ ಕಾಲೇಜಿಗೆ ಹೊರಟ. ಗೊಂಬೆಗಳನ್ನೆಲ್ಲ ಬಾನಿ ಎಂಬ ಪುಟ್ಟ ಹುಡುಗಿಗೆ ಕೊಟ್ಟ. ಅಚ್ಚುಮೆಚ್ಚಿನ ಕೌಬಾಯ್ ಗೊಂಬೆ ವುಡಿಯನ್ನು ಕೊಡುವಾಗ ಮಾತ್ರ ಕೈ ಸ್ವಲ್ಪ ಹಿಂದೆ ಬಂತು. ದಪ್ಪ ಮೀಸೆಯವರೂ ಮೂಗು ಒರೆಸಿಕೊಂಡೆವು. ಅಲ್ಲಿಗೆ ಕಥೆ ಮುಗೀತಲ್ವಾ? ಇಲ್ಲ! 2019ರಲ್ಲಿ ನಾಲ್ಕನೆಯದು. ಸಾಲದ್ದಕ್ಕೆ ಐದನೆಯದನ್ನೂ ಘೋಷಿಸಿದರು. ನಮ್ಮ ಕಣ್ಣೀರು ವಾಪಸ್ ಕೊಡುವವರು ಯಾರು?

ನಮ್ಮೂರ ಯಕ್ಷಗಾನ ಆಟದಲ್ಲಿ ಮಂಗಳ ಹಾಡಿದ ಮೇಲೆ ವೇಷಧಾರಿ ಬಣ್ಣ ಹಚ್ಚುವ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾನೆ. ಸತ್ತ ಮಹಿಷಾಸುರ "ಭಾಗ ಎರಡು" ಅಂತ ಎದ್ದು ಬರುವುದುಂಟಾ?

ಐಸ್ ಏಜ್ 2002ರಲ್ಲಿ ಶುರುವಾಗಿ 2016ಕ್ಕೆ ಐದಾಯಿತು. ಐದರಲ್ಲೂ ಅಳಿಲು ಅದೇ ಕಾಯಿಯ ಹಿಂದೆ. (ನಿಜವಾದ ಹಿಮಯುಗವೇ ಮುಗಿದು ಹನ್ನೊಂದು ಸಾವಿರ ವರ್ಷ ದಾಟಿತು.)

ಇನ್ನು ಫ್ರೋಜನ್. ಕುಂಬಳೆಯ ಅಂಗಡಿಯಲ್ಲಿ ಬ್ಯಾಗಿನ ಮೇಲೆ ಎಲ್ಸಾ, ಬುತ್ತಿ ಡಬ್ಬಿಯ ಮೇಲೆ ಎಲ್ಸಾ, ಜೂನ್ ಮಳೆಗೆ ಹಿಡಿಯುವ ಕೊಡೆಯ ಮೇಲೂ ಹಿಮದ ರಾಣಿ! ಎರಡನೇ ಭಾಗ ಬಂದಾಗ ಹಳೇ ಕೊಡೆ ಬೇಡವಂತೆ. ಯಾಕೆ? ಅದರಲ್ಲಿ ಎಲ್ಸಾಳ ಫ್ರಾಕು ಬೇರೆಯಂತೆ!