ಬಿಲ್ಲಿಗಿಂತ ಬಿಲ್ಲೇ ಭಾರ

ಬಿಲ್ಲುಗಾರಿಕೆ ಕೂಟದ ಸುತ್ತೋಲೆ ಈ ಸಲವೂ ಬಂದಿದೆ. ‘ಹೊಸಬರಿಗೆ ಆದರದ ಸ್ವಾಗತ. ರಿಕರ್ವ್, ಮುಕ್ತ ವಿಭಾಗ. ದೂರ 70 ಮೀಟರ್.’ (ರಿಕರ್ವ್ ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು.) ಈ ಮೂರು ಸಾಲು ಒಂದೇ ಹಾಳೆಯಲ್ಲಿ ಜಗಳವಾಡದೆ ಕೂತಿರುವುದೇ ಪವಾಡ. ರಾಷ್ಟ್ರೀಯ ಪದಕ ಗೆದ್ದವನೂ ಅದೇ ಗೆರೆಯ ಮೇಲೆ, ಮೂರು ತಿಂಗಳ ಹಿಂದೆ ಬಿಲ್ಲು ಹಿಡಿದವಳೂ ಅದೇ ಗೆರೆಯ ಮೇಲೆ. ಪ್ರವೇಶ ಶುಲ್ಕವೂ ಒಂದೇ. ಸಮಾನತೆ ಅಂದರೆ ಇದಪ್ಪಾ!

ನಮ್ಮ ಕರಾವಳಿಯ ಕೋಣಗಳಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಇದೆ. ಕಂಬಳದಲ್ಲಿ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅದರ ಮೇಲೆ ಅಡ್ಡಹಲಗೆ, ಕನೆಹಲಗೆ. ಹೊಸ ಜೋಡಿಯನ್ನು ಪಳಗಿದ ಜೋಡಿಯ ಪಕ್ಕ ನಿಲ್ಲಿಸಿ ‘ಓಡಿ’ ಅಂದರೆ ಯಜಮಾನರು ಕೋಣ ಹೊಡೆದುಕೊಂಡು ಮನೆಗೆ ಹೊರಟುಬಿಡುತ್ತಾರೆ. ಬಿಲ್ಲುಗಾರರು ಪಾಪ, ಹಾಗೆ ಹೊರಡುವುದಿಲ್ಲ.

ಅಂತರರಾಷ್ಟ್ರೀಯ ನಿಯಮಕ್ಕೆ ದಯೆಯೇ ಇಲ್ಲ ಅನ್ನುವಂತಿಲ್ಲ. 18 ದಾಟದವರಿಗೆ 60 ಮೀಟರ್, 50 ದಾಟಿದವರಿಗೂ 60. ಹೀಗೆ ಎಂಟು ವರ್ಷದ ಅನುಭವವಿರುವ ಹದಿನಾರರ ಹುಡುಗ 60ಕ್ಕೆ ಹೊಡೆಯುತ್ತಾನೆ, ಮೊನ್ನೆ ಯುಗಾದಿಗೆ ಬಿಲ್ಲು ಕೊಂಡ ಮೂವತ್ತರ ಗುಮಾಸ್ತ 70ಕ್ಕೆ. ನಿಯಮ ಬರೆದವರಿಗೆ ಹುಟ್ಟಿದ ತಾರೀಖು ಕಾಣುತ್ತದೆ, ಕಲಿಯಲು ಶುರುಮಾಡಿದ ತಾರೀಖು ಕಾಣುವುದಿಲ್ಲ.

ಆ ಗುಮಾಸ್ತನ ಕೈಯಲ್ಲಿರುವುದು 24 ಪೌಂಡಿನ ಬಿಲ್ಲು; ಪೌಂಡು ಅಂದರೆ ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ. ದೂರ ಹೆಚ್ಚಿದಂತೆ, ಗುರಿ ಹಿಡಿಯಲು ಬಿಲ್ಲಿಗೆ ಕಟ್ಟಿದ ಸೈಟ್ ಪಿನ್ ಕೆಳಗಿಳಿಸಬೇಕು. ಇಳಿಸಿ ಇಳಿಸಿ ಪಟ್ಟಿಯ ತಳ ಮುಟ್ಟಿದರೂ 70 ಮೀಟರಿಗೆ ಸಾಲದು. ಇನ್ನೂ ಇಳಿದರೆ ಬಾಣದ ಗರಿ ಸೈಟಿಗೇ ಬಡಿಯುತ್ತದೆ. ಉಳಿದದ್ದು ಗುರಿಹಲಗೆಯ ಹಿಂದಿನ ತೆಂಗಿನ ಮರಕ್ಕೆ ಗುರಿಯಿಡುವುದು. ಆಗ ಬಾಣ ಹಲಗೆಗಿಂತ ಮೊದಲೇ ಇಳಿದು ಹುಲ್ಲಿನಡಿ ಅಡ್ಡಡ್ಡ ನುಸುಳಿ ಮಲಗುತ್ತದೆ. ಕಾರ್ಬನ್ ಬಾಣಕ್ಕೆ ಲೋಹ ಇರುವುದು ಮೊನೆಯಲ್ಲಿ ಮಾತ್ರ. ಲೋಹಶೋಧಕ ಸರಿಯಾಗಿ ಮೊನೆಯ ಮೇಲೆ ಹಾದರಷ್ಟೇ ಕೂಗುತ್ತದೆ. ಹುಡುಕುವ ಭರದಲ್ಲಿ ಯಾರೋ ತುಳಿದರೆ ಕಣ್ಣಿಗೆ ಕಾಣದ ಸೀಳು. ಬಾಗಿಸಿ, ಕಿವಿಗೊಟ್ಟು ನೋಡದೆ ಅದನ್ನೇ ಮತ್ತೆ ಹೂಡಿದರೆ ಸಿಬಿರು ಬಿಲ್ಲು ಹಿಡಿದ ಕೈಗೇ ನೆಡುತ್ತದೆ. ‘ಹಾಗಾದ್ರೆ 38 ಪೌಂಡ್ ತಗೊಳ್ಳಿ’ ಅನ್ನುವ ಬುದ್ಧಿವಂತರು ಊರಿಗೊಬ್ಬರು ಇದ್ದೇ ಇರುತ್ತಾರೆ. ತಗೊಂಡರೆ ಭುಜ ಕಿವಿಗೆ ಏರುತ್ತದೆ, ಕ್ಲಿಕ್ಕರ್ (ಬಾಣ ಪೂರ್ತಿ ಎಳೆದಾಗ ಟಕ್ ಅನ್ನುವ ಪಟ್ಟಿ) ಬೀಳುವ ಮೊದಲೇ ಕೈ ನಡುಗುತ್ತದೆ. ಬಿಲ್ಲಿನ ಬಿಲ್ಲು ತೀರುವ ಮೊದಲೇ ಫಿಸಿಯೋ ಬಿಲ್ಲು.

ಬಿಲ್ಲು ಅಂದರೆ ನೆನಪಾಯಿತು. ಸೈಟು, ಬಿಲ್ಲು ಅಲುಗದಂತೆ ತಡೆಯುವ ಸ್ಟೆಬಿಲೈಸರ್ ಎಲ್ಲ ಸೇರಿ ಒಳ್ಳೆಯ ರಿಕರ್ವ್ ಸೆಟ್ಟಿಗೆ ಎರಡು ಮೂರು ಲಕ್ಷ. ಬಡ ಮಕ್ಕಳಿಗೆಂದು ಬಿದಿರು ಬಿಲ್ಲಿನ ಇಂಡಿಯನ್ ರೌಂಡ್ ಎಂಬ ಸ್ಪರ್ಧೆ ಇದೆಯಲ್ಲ? ಇದೆ. 30, 50 ಮೀಟರ್, ಸೈಟೂ ಇಲ್ಲ. ಅದರಲ್ಲಿ ದೇಶಕ್ಕೇ ಮೊದಲಿಗರಾದರೂ ಒಲಿಂಪಿಕ್ಸ್‌ನಲ್ಲಿ ಆ ವಿಭಾಗವೇ ಇಲ್ಲ. ಏಣಿ ಹತ್ತಿದ ಮೇಲೆ ಗೋಡೆ ಇರಲಿಲ್ಲ ಅಂತ ಗೊತ್ತಾಗುವುದು.

ನಾವು ಏಕಲವ್ಯನನ್ನು ಮರೆತವರಲ್ಲ. ಕೇಂದ್ರ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತದೆ, ಕರ್ನಾಟಕ ಏಕಲವ್ಯ ಪ್ರಶಸ್ತಿ ಕೊಡುತ್ತದೆ. ಒಂದೇ ಗೋಡೆಗೆ ಎರಡೂ ಫಲಕ ತೂಗುಹಾಕಬಹುದು, ಬೆರಳಿನ ವಿಷಯ ಯಾರೂ ಎತ್ತುವುದಿಲ್ಲ. ತಮಾಷೆಯೆಂದರೆ, ಈಗಿನ ರಿಕರ್ವ್‌ನಲ್ಲಿ ಹೆದೆ ಎಳೆಯುವುದು ತೋರುಬೆರಳು, ನಡುಬೆರಳು, ಉಂಗುರಬೆರಳು. ಹೆಬ್ಬೆರಳು ಅಂಗೈಗೆ ಮಡಿಚಿಕೊಂಡು ತೆಪ್ಪಗಿರಬೇಕು. ಇವತ್ತಿನ ದ್ರೋಣರು ಅದನ್ನು ಕೇಳಿ ಪ್ರಯೋಜನವಿಲ್ಲ. ಕೇಳುವುದೂ ಇಲ್ಲ, ಡ್ರಾ ಹಾಕಿಬಿಡುತ್ತಾರೆ. ಮೊದಲು ಸ್ಥಾನ ತೀರ್ಮಾನಿಸುವ 72 ಬಾಣದ ಸುತ್ತು, ಆಮೇಲೆ ಒಂದನೇ ಸ್ಥಾನದವನಿಗೆ 64ನೆಯವನು ಎದುರಾಳಿ. ಸೆಟ್ಟಿಗೆ ಮೂರು ಬಾಣ, ಗೆದ್ದರೆ ಎರಡು ಪಾಯಿಂಟು, ಆರಾದರೆ ಪಂದ್ಯ ಮುಗಿಯಿತು. ಒಂಬತ್ತು ಬಾಣಕ್ಕೆ ಹೊಸಬನ ಸ್ವಾಗತ ಸಮಾರಂಭ ಮುಕ್ತಾಯ.

‘ಹೊಸಬರ ವಿಭಾಗ’ ಮಾಡಿದ ಧೀರರೂ ಇದ್ದಾರೆ. ಹೊಸಬ ಯಾರು ಅಂತ ಮಾತ್ರ ಬರೆಯಲಿಲ್ಲ. ಹತ್ತು ವರ್ಷ ರಿಕರ್ವ್ ಹೊಡೆದವರು ರಾಟೆಗಳಿರುವ ಕಾಂಪೌಂಡ್ ಬಿಲ್ಲು ಕೊಂಡು ‘ಇದಕ್ಕೆ ನಾನು ಹೊಸಬ’ ಎಂದು ಬಂದು ಕಪ್ಪು ಎತ್ತಿಕೊಂಡು ಹೋದರು. ಅಂಕ ನೋಡಿ ಗುಂಪು ಮಾಡಿದರೆ ಬೇಕೆಂದೇ ಕಡಿಮೆ ಹೊಡೆದು ಕೆಳಗಿನ ಗುಂಪಿಗೆ ಇಳಿಯುವ ಮಹಾನುಭಾವರೂ ಉಂಟು. ಎಂಟಕ್ಕೆ ಗುರಿಯಿಟ್ಟು ಎಂಟಕ್ಕೇ ಹೊಡೆಯಬಲ್ಲವನು ಹೊಸಬನೇ ಸ್ವಾಮಿ?

ಸಾಕಾಗಿದೆ. ಇದಕ್ಕೆ ಅನುದಾನ ಬೇಡ, ಸಮಿತಿ ಬೇಡ. 70 ಮೀಟರಿಗೆ ಇಡುವ ಅದೇ 122 ಸೆಂ.ಮೀ. ಗುರಿಪಟವನ್ನು 30 ಮೀಟರಿಗೆ ತಂದು ನಿಲ್ಲಿಸಿ, 24 ಪೌಂಡು ಆರಾಮಾಗಿ ಮುಟ್ಟುತ್ತದೆ. ಯಾವುದೇ ಬಿಲ್ಲಿನಲ್ಲಾಗಲಿ ಇಂತಿಷ್ಟು ಅಂಕ ದಾಟಿದವರು, ಒಮ್ಮೆ ಗೆದ್ದವರು ಮೇಲಿನ ವಿಭಾಗಕ್ಕೆ, ಮತ್ತೆ ಇಳಿಯುವಂತಿಲ್ಲ. ಸೈಟಿಲ್ಲದವರಿಗೆ ಬೇರೆ ಪಟ್ಟಿ. ನಾಕೌಟ್ ಬದಲು ಎಲ್ಲರಿಗೂ ಒಂದೇ ಲೆಕ್ಕದ ಬಾಣ. ಬೆಳಿಗ್ಗೆ ಐದು ನಿಮಿಷ ಬೀಪ್ ಪಾಠ: ಎರಡಕ್ಕೆ ಗೆರೆಗೆ ಬನ್ನಿ, ಒಂದಕ್ಕೆ ಹೊಡೆಯಿರಿ, ಮೂರಕ್ಕೆ ಅಂಕಕ್ಕೆ ನಡೆಯಿರಿ, ಐದಾದರೆ ಇದ್ದಲ್ಲೇ ನಿಲ್ಲಿಸಿ. ಅಂಕ ಬರೆಯುವ ಮೊದಲು ಬಾಣ ಮುಟ್ಟಬೇಡಿ ಎಂದು ಬೈದು ಹೇಳುವ ಬದಲು ಮೊದಲೇ ಹೇಳಿ. ಇಷ್ಟು ಮಾಡಲು ಎಷ್ಟು ವರ್ಷ ಬೇಕು?

ತಪಾಸಣೆ ಮಾತ್ರ ಕಟ್ಟುನಿಟ್ಟು. ಪ್ರತಿ ಬಾಣದ ಮೇಲೂ ಆಟಗಾರರ ಹೆಸರೋ ಹೆಸರಿನ ಮೊದಲಕ್ಷರಗಳೋ ಇರಬೇಕು, ಒಂದು ಸರದಿಯಲ್ಲಿ ಹೊಡೆಯುವ ಬಾಣಗಳ ಗರಿಯ ಬಣ್ಣ, ವಿನ್ಯಾಸ ಒಂದೇ ಥರ ಇರಬೇಕು. ಎರವಲು ತಂದ ಬಾಣಗಳ ಮೇಲೆ ಹೊಸಬರು ಮಾರ್ಕರಿನಲ್ಲಿ ಅಚ್ಚುಕಟ್ಟಾಗಿ ಹೆಸರು ಬರೆದುಕೊಂಡು ಬರುತ್ತಾರೆ. ಒಳ್ಳೆಯದೇ ಆಯಿತು. ಮುಂದಿನ ಮಳೆಗಾಲ ಕಳೆದು ಮೈದಾನದ ಹುಲ್ಲು ಕೊಯ್ಯುವವನಿಗೆ ಅದು ಯಾರದೆಂದು ಗೊತ್ತಾಗುತ್ತದೆ.