ಹದಿಮೂರನೇ ವಾರ ರದ್ದಾಗಿದೆ

ತೂಕ ಇಳಿಸುವ ಯೋಜನೆಗಳ ಪಂಚಾಂಗದಲ್ಲಿ ಇರುವುದು ಹನ್ನೆರಡೇ ವಾರ. ಮೊದಲ ವಾರ ಏನು ಬಿಡಬೇಕು, ಏಳನೇ ವಾರ ತೂಕ ಇಳಿಯದೆ ಮೊಂಡು ಹಿಡಿದರೆ ಏನು ಮಾಡಬೇಕು, ಹನ್ನೆರಡನೇ ವಾರ ಯಾವ ಬೆಳಕಿಗೆ ನಿಂತು, ಎಷ್ಟು ಉಸಿರು ಎಳೆದುಕೊಂಡು ಫೋಟೋ ತೆಗೆಸಿಕೊಳ್ಳಬೇಕು, ಎಲ್ಲಕ್ಕೂ ಸೂಚನೆ ಉಂಟು. ಹದಿಮೂರನೇ ವಾರಕ್ಕೆ ಮಾತ್ರ ಪುಟವಿಲ್ಲ. ಅಲ್ಲಿ ಒಂದೇ ಸಾಲು: “ಇನ್ನು ಇದನ್ನೇ ಜೀವನಶೈಲಿಯಾಗಿ ಮುಂದುವರಿಸಿ.” ಈಜು ಕಲಿಸುವವನು ನಡುನೀರಿನಲ್ಲಿ ಇಳಿಸಿ, “ಇನ್ನು ಹೀಗೇ ಮುಂದುವರಿಸಿ” ಎಂದು ದೋಣಿ ತಿರುಗಿಸಿಕೊಂಡು ಹೋದ ಹಾಗೆ.

ಜಾಹೀರಾತಿನಲ್ಲಿ ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಚಿತ್ರ. ‘ಆಮೇಲೆ’ಗೂ ಒಂದು ಆಮೇಲೆ ಇರುತ್ತದೆ ಎಂಬುದು ಈ ಉದ್ಯಮದ ವ್ಯಾಕರಣದಲ್ಲಿ ಇಲ್ಲ. ಆ ಎರಡನೇ ಚಿತ್ರ ತೆಗೆದ ದಿನ ದೇಹ ಎಷ್ಟು ಬರಿದಾಗಿರುತ್ತದೆ ಎಂದರೆ, ಸರಿಯಾಗಿ ಎರಡು ದಿನ ಉಂಡರೆ ತೂಕದ ಯಂತ್ರ ಬೇರೆಯೇ ಮಾತಾಡುತ್ತದೆ. ಕಾರಣ ಕೊಬ್ಬಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಅರ್ಧ ಕಿಲೋದಷ್ಟು ಗ್ಲೈಕೋಜನ್, ಅಂದರೆ ದೇಹ ದಾಸ್ತಾನು ಮಾಡುವ ಸಕ್ಕರೆ, ಕೂಡಿಡಬಹುದು. ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಡಯಟ್‌ನಲ್ಲಿ ಈ ಉಗ್ರಾಣ ಖಾಲಿಯಾಗುತ್ತಾ ಬರುತ್ತದೆ, ಊಟ ಹೆಚ್ಚಿದ ಕೂಡಲೇ ತುಂಬುತ್ತದೆ. ನಾಲ್ಕು ದಿನಕ್ಕೆ ಒಂದೂವರೆ, ಎರಡು ಕಿಲೋ ಏರಿಕೆ! ಎರಡು ಕಿಲೋ ಕೊಬ್ಬು ಸೇರಬೇಕಾದರೆ ಮಾಮೂಲಿ ಊಟದ ಮೇಲೆ ಸುಮಾರು 15,400 ಕ್ಯಾಲೊರಿ, ಅಂದರೆ ದಿನಕ್ಕೆ 3,850, ಹೆಚ್ಚುವರಿ ತಿನ್ನಬೇಕು. ಅಷ್ಟು ತಿನ್ನಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದರೆ ಈ ಗುಣಾಕಾರ ಹೇಳಿಕೊಡಬೇಕಾದ ಪುಟವೇ ಇಲ್ಲವಲ್ಲ; ಹಾಗಾಗಿ ಒಬ್ಬರು ಗಾಬರಿಯಿಂದ ಮತ್ತೆ ಉಪವಾಸ ಕೂರುತ್ತಾರೆ, ಇನ್ನೊಬ್ಬರು “ಹೋಗಲಿ ಬಿಡು” ಎಂದು ತಟ್ಟೆ ತುಂಬಿಸಿಕೊಳ್ಳುತ್ತಾರೆ.

ನಿಜವಾದ ಏರಿಕೆ ಬರುವುದು ಸದ್ದಿಲ್ಲದೆ. ಕಳೆದುಕೊಂಡ ಪ್ರತಿ ಕಿಲೋಗೆ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಇಳಿಯುತ್ತದೆ, ಹಸಿವು ಸುಮಾರು 100 ಕ್ಯಾಲೊರಿ ಏರುತ್ತದೆ ಎಂಬುದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಅಂದಾಜು. 80 ಕಿಲೋದಿಂದ 70ಕ್ಕೆ ಇಳಿದವರಿಗೆ ಖರ್ಚು 250 ಕಡಿಮೆ, ಹಸಿವು 1,000 ಹೆಚ್ಚು. ಆದಾಯ ಕಡಿಮೆಯಾದ ತಿಂಗಳಲ್ಲೇ ಬಾಡಿಗೆ ಏರಿದ ಸಂಸಾರ ಇದು. ಹೀಗಿರುವಾಗ ಹದಿಮೂರನೇ ವಾರ ‘ಮಾಮೂಲಿ ಊಟ’ಕ್ಕೆ ಮರಳಿದರೆ, ಆ ಮಾಮೂಲಿ ಯಾರದು? ಹತ್ತು ಕಿಲೋ ಹೆಚ್ಚಿದ್ದ ಹಳೆಯ ಮನುಷ್ಯನದು. ಅವನ ಪಾಲಿನ ಊಟ ಮಾಡಿದರೆ ಅವನೇ ವಾಪಸ್ ಬರುತ್ತಾನೆ.

ಇದು ಹೊಸ ಗುಟ್ಟೇನೂ ಅಲ್ಲ. ಟಿವಿ ಕ್ಯಾಮೆರಾ ಮುಂದೆ ಸರಾಸರಿ 58 ಕಿಲೋ ಇಳಿಸಿ ಚಪ್ಪಾಳೆ ಗಿಟ್ಟಿಸಿದ್ದ ಅಮೆರಿಕದ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಅಳೆದಾಗ, ಸರಾಸರಿ 41 ಕಿಲೋ ಮರಳಿತ್ತು. ವಿಶ್ರಾಂತಿಯಲ್ಲಿ ದೇಹ ಉರಿಸುವ ಕ್ಯಾಲೊರಿ ಆಗಲೂ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕಡಿಮೆ. ಆ ಅಳತೆಯ ಕಾರ್ಯಕ್ರಮಕ್ಕೆ ಬ್ಯಾಂಡ್‌ಸೆಟ್ ಇರಲಿಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ನಿಲ್ಲಿಸಿದವರಿಗೂ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಹಿಂದಿರುಗಿದ್ದು ಪ್ರಯೋಗದಲ್ಲೇ ದಾಖಲಾಗಿದೆ. ಬಿಪಿ ಮಾತ್ರೆ ನಿಲ್ಲಿಸಿದಾಗ ಬಿಪಿ ಏರಿದರೆ ಕಾಯಿಲೆಯ ಸ್ವಭಾವ ಅನ್ನುತ್ತೇವೆ. ತೂಕ ಏರಿದರೆ ಮಾತ್ರ “ಮನಸ್ಸು ಗಟ್ಟಿ ಇಲ್ಲ.” ನಾಲಿಗೆಯ ಮೇಲೆ ಹಿಡಿತ ಇರಬೇಕಪ್ಪಾ ಎಂದು ನಾಲಿಗೆ ಹರಿಬಿಡುವವರಿಗೇನು ಕೊರತೆ?

ಹಾಗಾದರೆ ರದ್ದಾದ ಪುಟದಲ್ಲಿ ಏನಿರಬೇಕಿತ್ತು? ಓದಲು ಬಹಳ ಸಪ್ಪೆ, ಮಾರಾಟವಾಗದಿರುವುದಕ್ಕೂ ಅದೇ ಕಾರಣ. ಡಯಟ್‌ನ ದಿನದ ಊಟಕ್ಕೆ ಪ್ರತಿ ವಾರ 100ರಿಂದ 150 ಕ್ಯಾಲೊರಿ ಸೇರಿಸುತ್ತಾ ಹೋಗುವುದು. ಮೊದಲ ನೀರಿನ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಎರಡು ವಾರ ಸರಾಸರಿ ಅಲುಗದ ಜಾಗದಲ್ಲಿ ನಿಲ್ಲಿಸುವುದು. ತೂಕ ನೋಡುವುದು ಬೆಳಿಗ್ಗೆ, ಶೌಚದ ನಂತರ, ತಿಂಡಿಗೆ ಮೊದಲು, ಗಟ್ಟಿ ನೆಲದ ಮೇಲೆ ಇಟ್ಟ ಅದೇ ಯಂತ್ರದಲ್ಲಿ. ಒಂದು ದಿನದ ಅಂಕಿಗೆ ಕವಡೆ ಕಿಮ್ಮತ್ತಿಲ್ಲ, ನಿನ್ನೆಯ ಉಪ್ಪು ಅಥವಾ ಮುಟ್ಟಿನ ಮುಂಚಿನ ದಿನಗಳು ಸಾಕು ಅದನ್ನು ಏರಿಸಲು. ಏಳು ದಿನದ ಸರಾಸರಿಯನ್ನು ಕಳೆದ ವಾರದ ಸರಾಸರಿಯ ಪಕ್ಕ ಇಟ್ಟು ನೋಡಬೇಕು.

ಗುರಿಯನ್ನು ಒಂದು ಅಂಕಿಯಾಗಿ ಇಡುವುದೇ ಮೊದಲ ತಪ್ಪು. ಅದು ಬಯಲಾಗಿರಬೇಕು, ಸೂಜಿಯ ಮೊನೆಯಲ್ಲ. ಅಮೆರಿಕದ ಸಂಶೋಧಕಿ ರೀನಾ ವಿಂಗ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ರಾಫಿಕ್ ದೀಪದ ಹಾಗೆ ಮೂರು ಬಣ್ಣ: ಏರಿಕೆ ಸುಮಾರು ಒಂದೂವರೆ ಕಿಲೋದೊಳಗೆ ಇದ್ದರೆ ಹಸಿರು, ಮುಂದೆ ಹಳದಿ, ಸುಮಾರು ಎರಡೂಕಾಲು ದಾಟಿದರೆ ಕೆಂಪು. ಹಳದಿ ಬಂದಾಗ ಏನು ಮಾಡಬೇಕೆಂದು ಹಸಿರಿರುವಾಗಲೇ ಬರೆದಿಟ್ಟಿರಬೇಕು, ಏಕೆಂದರೆ ಹಸಿದವರ ಯೋಜನೆ ಊಟದ ಕಡೆಗೇ ವಾಲುತ್ತದೆ. ಒಂದು ವಾರ ಎಣ್ಣೆಯನ್ನು ಚಮಚದಲ್ಲಿ ಅಳೆದರೆ ಅರ್ಧ ತನಿಖೆ ಮುಗಿಯಿತು: ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಕಣ್ಣಳತೆಯಲ್ಲಿ ಜಾರಿದ ಎರಡೇ ಚಮಚ, ಖರ್ಚು ಇಳಿದ ಆ 250ರ ಅಂತರವನ್ನು ಸರಿಸುಮಾರು ತುಂಬಿಬಿಡುತ್ತವೆ. ಉಳಿದ ತನಿಖೆ ವಾರಾಂತ್ಯದ್ದು. ಐದು ದಿನ ಸಂತ, ಎರಡು ದಿನ 600ರಂತೆ ಹೆಚ್ಚು ಎಂದರೆ ವಾರಕ್ಕೆ 1,200. ಸಂತನ ಲೆಕ್ಕ ದಿನಕ್ಕೆ 170ರಷ್ಟು ತಪ್ಪಿತು.

ವ್ಯಾಯಾಮದ ಪಾತ್ರ ಇಲ್ಲಿಗೆ ಬರುವಾಗ ಅದಲುಬದಲಾಗುತ್ತದೆ. ಇಳಿಸುವಾಗ ಊಟದ ಪಾಲು ದೊಡ್ಡದು, ಉಳಿಸಿಕೊಳ್ಳುವಾಗ ನಡಿಗೆಗೆ ಬೆಲೆ ಬರುತ್ತದೆ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷ ಹಾಗೇ ಇಟ್ಟುಕೊಂಡವರನ್ನು 1994ರಿಂದ ಪಟ್ಟಿ ಮಾಡುತ್ತಾ ಬಂದ ಅಮೆರಿಕದ ದಾಖಲಾತಿಯಲ್ಲಿ ಹೆಚ್ಚಿನವರು ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬಗ್ಗಿಸುವವರು, ವಾರಕ್ಕೊಮ್ಮೆಯಾದರೂ ತೂಕ ನೋಡುವವರು. ಇದಕ್ಕೆ ವಾರದಲ್ಲಿ ಎರಡು ದಿನ ಭಾರ ಎತ್ತುವುದು, ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2 ಗ್ರಾಂನಷ್ಟು ಪ್ರೋಟೀನ್ ಸೇರಿಸಿದರೆ ಸ್ನಾಯು ಉಳಿಯುತ್ತದೆ. (ಮೂತ್ರಪಿಂಡದ ತೊಂದರೆ ಇದ್ದವರು ಈ ಅಂಕಿಯನ್ನು ವೈದ್ಯರಿಗೆ ಕೇಳಿಯೇ ಹಿಡಿಯಬೇಕು.) ಟ್ರೆಡ್‌ಮಿಲ್‌ನ ಪರದೆ ತೋರಿಸುವ ಕ್ಯಾಲೊರಿಯನ್ನು ತಿಂದು ತೀರಿಸಬಾರದು. ಅದರ ಔದಾರ್ಯ ದೊಡ್ಡದು.

ಇಷ್ಟೆಲ್ಲ ಮಾಡಿದವರಿಗೆ ಸಿಗುವುದೇನು? ಒಂದು ಸಪಾಟು ಗೆರೆ. ಆಸ್ಪತ್ರೆಯ ಪರದೆಯಲ್ಲಾದರೆ ನಾಲ್ಕು ಜನ ಅಳುತ್ತಿದ್ದರು, ಇಲ್ಲಿ ಅದಕ್ಕೂ ಗತಿಯಿಲ್ಲ. “ಹೋದ ವರ್ಷವೂ ಎಪ್ಪತ್ತು, ಈ ವರ್ಷವೂ ಎಪ್ಪತ್ತು! ಭೇಷ್!” ಎಂದು ಮದುವೆಮನೆಯಲ್ಲಿ ಯಾರೂ ಕೈ ಹಿಡಿದು ಕುಲುಕುವುದಿಲ್ಲ. ಗುರಿ ಮುಟ್ಟಿದ ದಿನ ಬಣ್ಣದ ಕಾಗದ ಉದುರಿಸಿದ ಆ್ಯಪ್ ಮರುದಿನ ಕೇಳುತ್ತದೆ: “ಹೊಸ ಗುರಿ ಇಡೋಣವೇ?” ವಿಂಗ್ ಅವರ ಪ್ರಯೋಗದಲ್ಲಾದರೋ ಹಸಿರಿನಲ್ಲೇ ಉಳಿದವರಿಗೆ ಸಣ್ಣಪುಟ್ಟ ಉಡುಗೊರೆ ಕೊಡುತ್ತಿದ್ದರು, ಏನೂ ಆಗದೆ ಇದ್ದದ್ದಕ್ಕೆ! ವ್ಯಾಪಾರಕ್ಕೆ ಇದು ಹಿಡಿಸುವ ಪದ್ಧತಿಯಲ್ಲ. ಉಳಿಸಿಕೊಂಡವರು ಮತ್ತೆ ಬರುವುದಿಲ್ಲ, ಕಳೆದುಕೊಂಡವರು ಹಣ ಹಿಡಿದು ಬರುತ್ತಾರೆ, ತಪ್ಪೆಲ್ಲ ತಮ್ಮದೇ ಎಂಬ ಸಂಕೋಚದೊಂದಿಗೆ. ಅವರು ಬರೆದುಕೊಡುವ ಮೆಚ್ಚುಗೆಯನ್ನು ಜಾಹೀರಾತಿನ ನೆತ್ತಿಯ ಮೇಲೇ ಹಾಕಬಹುದು: “ತುಂಬಾ ಒಳ್ಳೆಯ ಯೋಜನೆ. ಇದರಲ್ಲಿ ಮೂರು ಸಲ ಹತ್ತು ಕಿಲೋ ಇಳಿಸಿದ್ದೇನೆ.”