ಗಾಳಿಗೂ ಒಂದು ದರಖಾಸ್ತು

ನಮ್ಮ ಕೋಲಾರದ ಕಡೆ ಒಂದು ಗುಂಟೆ ಜಾಗಕ್ಕೆ ಎಷ್ಟು ಕಾಗದ ಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಹಣಿ, ಮ್ಯುಟೇಷನ್, ಪೋಡಿ, ಹದ್ದುಬಸ್ತು. ಇಷ್ಟೆಲ್ಲ ಆದಮೇಲೂ ಪಕ್ಕದವನು ಬದು ಒತ್ತಿರುತ್ತಾನೆ. ಗಾಳಿಯಲ್ಲಾದರೂ ಈ ರಗಳೆ ಇಲ್ಲ ಅಂದುಕೊಂಡಿದ್ದೆ. ಆ ನೆಮ್ಮದಿ ಕೆಡಿಸಿದವನು ನನ್ನ ಗೆಳೆಯ.

ಅವನು ಹಳ್ಳಿಗಳಿಗೆ ಇಂಟರ್ನೆಟ್ ಕೊಡುತ್ತಾನೆ. ಕೆರೆಯ ಈಚೆ ದಡಕ್ಕೆ ಫೈಬರ್ ಬಂದಿದೆ, ಆಚೆ ದಡಕ್ಕೆ ಬಂದಿಲ್ಲ. ಹಾಗಾಗಿ ಈಚೆಗೊಂದು, ಆಚೆಗೊಂದು ಡಿಶ್ ನಿಲ್ಲಿಸಿ, ಎದುರುಬದುರು ಮುಖ ಮಾಡಿಸಿ, ನೀರಿನ ಮೇಲಿಂದಲೇ ಸಿಗ್ನಲ್ ದಾಟಿಸಿದ. ಅದು 5 ಗಿಗಾಹರ್ಟ್ಸ್ ತರಂಗ. 2018ರಲ್ಲಿ ಸರ್ಕಾರ ಅಲ್ಲಿ 605 ಮೆಗಾಹರ್ಟ್ಸ್ ಅಗಲದ ಜಾಗ ಬಿಟ್ಟುಕೊಟ್ಟು, ಲೈಸೆನ್ಸ್ ಬೇಡ, ಹಂಚಿಕೊಂಡು ಬಳಸಿ ಎಂದಿತು. ಅಂದರೆ ಗೋಮಾಳ. ಗೋಮಾಳದ ಗತಿ ನಿಮಗೆ ಗೊತ್ತಲ್ಲ. ಎಲ್ಲರ ದನವೂ ಅಲ್ಲೇ, ಹುಲ್ಲು ಮಾತ್ರ ಎಲ್ಲೂ ಇಲ್ಲ. ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ಡಿಶ್ ಎದ್ದವು. ಈಗ ರಾತ್ರಿ ಎಂಟಾದರೆ ಧಾರಾವಾಹಿ ಗಿರಗಿರ ತಿರುಗುತ್ತದೆ, ಗೆಳೆಯನ ಫೋನು ಹೊಡೆದುಕೊಳ್ಳುತ್ತದೆ.

'ಇನ್ನು ಪಟ್ಟಾ ಜಾಗವೇ ಗತಿ' ಎಂದ. ತನಗೇ ಅಂತ ಬರೆದುಕೊಟ್ಟ, ಬೇರೆಯವರು ಕಾಲಿಡದ ಮೈಕ್ರೋವೇವ್ ತರಂಗ.

ಇಲ್ಲಿಂದ ಶುರು ನೋಡಿ. ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. (ನಮ್ಮಲ್ಲಿ ಸಾರ್ವಜನಿಕ ಆಸ್ತಿ ಅಂದರೆ ಬಸ್ ಸ್ಟ್ಯಾಂಡಿನ ನಲ್ಲಿ, ಅದು ಬೇರೆ ಮಾತು.) ಮೊದಲು ಬಂದವರಿಗೆ ಮೊದಲು ಅಂತ ಹಂಚಿದ 2ಜಿ ಲೈಸೆನ್ಸುಗಳಲ್ಲಿ 122ನ್ನು ಅದೇ ಕೋರ್ಟ್ 2012ರಲ್ಲಿ ರದ್ದು ಮಾಡಿತು. ಆಮೇಲೆ ಹರಾಜಿನ ಕಾಲ. 2022ರಲ್ಲಿ 5ಜಿ ತರಂಗದ ಕೂಗು 1.5 ಲಕ್ಷ ಕೋಟಿ ರೂಪಾಯಿಗೆ ನಿಂತಿತು. 2023ರ ದೂರಸಂಪರ್ಕ ಕಾಯ್ದೆಯೂ ಹರಾಜೇ ನಿಯಮ ಅನ್ನುತ್ತದೆ. ಜೊತೆಗೇ 19 ವಿನಾಯಿತಿಗಳ ಪಟ್ಟಿ ಇಟ್ಟಿದೆ. ಗೆಳೆಯನಿಗೆ ಬೇಕಾದಂಥ, ಟವರಿನಿಂದ ಟವರಿಗೆ ಸಿಗ್ನಲ್ ಸಾಗಿಸುವ ತರಂಗ ಆ ಪಟ್ಟಿಯಲ್ಲಿದೆ. ಅದಕ್ಕೆ ಕೂಗಬೇಕಾಗಿಲ್ಲ, ಅರ್ಜಿ ಹಾಕಬೇಕು. ಅಪ್ಪಟ ದರಖಾಸ್ತು! ಕಚೇರಿ ಮಾತ್ರ ತಾಲ್ಲೂಕಿನಲ್ಲಿಲ್ಲ, ದೆಹಲಿಯಲ್ಲಿದೆ. ಅಲ್ಲಿ ತರಂಗಕ್ಕೊಂದು ಒಪ್ಪಿಗೆ, ಕಂಬ ನಿಲ್ಲಿಸುವ ಜಾಗಕ್ಕೆ ಇನ್ನೊಂದು ಒಪ್ಪಿಗೆ.

ಬಾಡಿಗೆ ಲೆಕ್ಕವೋ, ವರ್ಷಗಳಿಂದ ನಡೆದುಬಂದ ಸೂತ್ರ. ಎಂ ಇಂಟು ಡಬ್ಲ್ಯೂ ಇಂಟು ಸಿ. ಎಂ ಅಂದರೆ ದೂರಕ್ಕೆ ತಕ್ಕ ಅಂಕಿ, ಡಬ್ಲ್ಯೂ ಅಂದರೆ ತರಂಗದ ಅಗಲಕ್ಕೆ ತಕ್ಕ ಅಂಕಿ. ಅಲ್ಲಿಗೆ ಮೂವತ್ತು ನಲವತ್ತರ ಸೈಟು ಅಳೆದ ಹಾಗಾಯಿತು. ಸಿ ಅಂದರೆ ಎಷ್ಟು ಚಾನೆಲ್ ಅನ್ನೋದು. ಇದು ಸ್ವಲ್ಪ ಸ್ವಾರಸ್ಯದ್ದು. ಮಾತು ಹೋಗಲು ಒಂದು, ಉತ್ತರ ಬರಲು ಒಂದು, ಹಾಗಾಗಿ ಒಂದು ಜೋಡಿಯನ್ನು ಎರಡು ಅಂತ ಎಣಿಸುತ್ತಾರೆ. 'ಅಣ್ಣಾ' ಅಂತ ಕೂಗಿದ್ದಕ್ಕೂ ದುಡ್ಡು, 'ಓ' ಅಂದಿದ್ದಕ್ಕೂ ದುಡ್ಡು. ಸೂತ್ರದಲ್ಲಿ ದೂರ ಇದೆ, ಅಗಲ ಇದೆ, ಎಣಿಕೆ ಇದೆ. ಊರು ಮಾತ್ರ ಇಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯ ನೆತ್ತಿಯ ಮೇಲಿನ ಗಾಳಿಯೂ ಕೊಕ್ಕರೆ ಮಾತ್ರ ಹಾರಾಡುವ ನಮ್ಮ ಕೆರೆಯ ಗಾಳಿಯೂ ಅದರ ಕಣ್ಣಿಗೆ ಒಂದೇ. ಇಂಥ ಸಮಾನತೆ ಭೂಮಿಯ ಮೇಲೆ ಎಲ್ಲಿ ಕಂಡಿದ್ದೀರಿ?

ಹಾಗಂತ ಇದು ಇವತ್ತಿನ ಚಾಳಿಯಲ್ಲ. ಲೈಸೆನ್ಸಿಲ್ಲದೆ ರೇಡಿಯೋ ಪೆಟ್ಟಿಗೆ ಇಟ್ಟುಕೊಳ್ಳಬಾರದು ಅಂತ 1933ರಲ್ಲೇ ಬ್ರಿಟಿಷರು ಕಾಯ್ದೆ ಮಾಡಿದ್ದರು. ಅವರು ಹೋದಮೇಲೂ ಬಹಳ ವರ್ಷ ನಮ್ಮ ಜನ ಪೋಸ್ಟ್ ಆಫೀಸಿನಲ್ಲಿ ಹಣ ಕಟ್ಟಿ, ಕೈಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡೇ ವಾರ್ತೆ ಕೇಳುತ್ತಿದ್ದರು.

ಕೆರೆ ಏರಿಯ ಮೇಲೆ ಕೂತು ನಾವು ಈ ಸೂತ್ರ ಬಿಡಿಸುತ್ತಿದ್ದಾಗ ಹಳೆಯ ನೀರುಗಂಟಿ ತಾತ ಬಂದರು. ಜೀವಮಾನವೆಲ್ಲ ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಪಾಳಿ ಹಾಕಿದವರು.

'ಏನಪ್ಪಾ ಅದು, ಹಂಚ್ತಾ ಇರೋದು?'

'ಗಾಳಿಯಲ್ಲಿರೋ ತರಂಗ ತಾತ.'

'ಬಳಸಿದ್ರೆ ಮುಗಿದು ಹೋಗುತ್ತಾ?'

'ಇಲ್ಲ ತಾತ. ಆಫ್ ಮಾಡಿದ ತಕ್ಷಣ ಮತ್ತೆ ಅಷ್ಟೇ ಇರುತ್ತೆ.'

'ಮತ್ತೆ ಜಗಳ ಯಾತಕ್ಕೆ?'

'ಇಬ್ಬರು ಒಂದೇ ಸಲ ಮಾತಾಡಿದ್ರೆ ಇಬ್ಬರದೂ ಕೇಳಿಸಲ್ಲ.'

'ಓಹೋ, ನಮ್ಮ ಗ್ರಾಮಸಭೆ ಥರ' ಎಂದರು ತಾತ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಾಳಿ ಹಾಕೋ ಆ ದೆಹಲಿಯವರು ಕೆರೆ ನೋಡಿದಾರಾ?' ಅಂದರು.

ಗೆಳೆಯ ಹಲ್ಲು ಕಿರಿದ. ಮೊಬೈಲಿನಲ್ಲಿ ಅರ್ಜಿಯ ನಮೂನೆ ತೋರಿಸಿ, ಅಕ್ಷಾಂಶ ರೇಖಾಂಶ ಎಲ್ಲ ಬರೆದರೆ ಸಾಕು, ಬಂದು ನೋಡಬೇಕಾಗಿಲ್ಲ ಅಂತ ವಿವರಿಸಿದ. ತಾತ ಮೊಬೈಲ್ ನೋಡಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಆಚೆ ದಡ ನೋಡಿದರು.

'ನಿನ್ನ ತಟ್ಟೆ ಆ ಮನೆ ಮೇಲೆ ತಾನೇ ಇರೋದು? ಅದರ ಮುಂದಿನ ನೀಲಗಿರಿ ತೋಪು ಹೋದ ವರ್ಷ ಕಡಿದಿದ್ರು, ಆಗಲೇ ಆಳೆತ್ತರ ಚಿಗುರಿದೆ. ಇನ್ನೆರಡು ವರ್ಷಕ್ಕೆ ಪೂರ್ತಿ ಅಡ್ಡ ಬರುತ್ತೆ. ಅದಕ್ಕೂ ಅರ್ಜಿ ಹಾಕ್ಬೇಕೇನಪ್ಪಾ?'